ಹೂಂಗುಟ್ಟಿದವಳು

"ಅತ್ತೆ, ಮೊದಲೇ ಒಂದು ಮಾತು ಹೇಳ್ಬಿಡ್ತೀನಿ," ಎಂದು ಥರ್ಮನ್ ಸೂಜಿಯನ್ನು ರೆಕಾರ್ಡಿಗೆ ಇಳಿಸದೆ ಹಾಗೇ ಹಿಡಿದು ನಿಂತ. "ಕಂಪನಿಯೋರು ಅಪ್ಪನ ಹಳೇ ಹಾಡುಗಳನ್ನ ಹೊಸ ರೆಕಾರ್ಡಿಗೆ ಅಂತ ಯಂತ್ರಕ್ಕೆ ಹಾಕಿ ತೊಳೆದಿದ್ದಾರೆ. ಕುರ್ಚಿ ಕಿರುಗುಟ್ಟಿದ್ದು, ಯಾರೋ ಕೆಮ್ಮಿದ್ದು, ಏನೂ ಉಳಿದಿಲ್ಲ."

ಬೀಸಣಿಗೆ ಆಡಿಸುತ್ತಿದ್ದ ಓರಾಲೀ ಕೇಳಿದಳು: "ನಾನು?"

ಥರ್ಮನ್ ಮೇಜಿನ ಮೇಲಿನ ಕರಿದ ಮೀನನ್ನು ನೋಡಿದ. "ಹಾಡಲ್ಲದ್ದೆಲ್ಲ ಗದ್ದಲ ಅಂದ್ರಂತೆ, ಅತ್ತೆ."

ಭಾನುವಾರದ ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆದಿತ್ತು. ಥರ್ಮನ್‌ನ ಅಪ್ಪ ಲೂಷಿಯಸ್ ಪೆಟ್ವೇ ಹಾಡಿದ 'ತಣ್ಣೀರು' ಆಲ್ಬಮ್ ಇಲ್ಲದ ಮನೆ ಮೆಂಫಿಸ್ಸಿನಲ್ಲಿ ಇದ್ದರೆ, ಆ ಮನೆಗೆ ಇನ್ನೂ ಚಾವಣಿ ಹೊದಿಸಿಲ್ಲ ಎಂದೇ ಅರ್ಥ. ಅವನು ಸ್ವರ ಎಳೆದರೆ ಮಿಸಿಸಿಪ್ಪಿ ನದಿ ಹರಿಯುವುದನ್ನು ಬಿಟ್ಟು ದಡಕ್ಕೆ ಒರಗಿ ಕೇಳುತ್ತಿತ್ತು. ಸುಳ್ಳೆನ್ನುವವರು ನದಿಯನ್ನೇ ಕೇಳಲಿ. ಆ ಆಲ್ಬಮ್ಮಿನ ಧ್ವನಿಮುದ್ರಣದ ದಿನ ಓರಾಲೀ ಸ್ಟುಡಿಯೋಗೆ ಬುತ್ತಿ ಕೊಡಲು ಹೋಗಿದ್ದಳು. ಉಸಿರೂ ಬಿಡಬೇಡ ಎಂದು ಮೂಲೆಯಲ್ಲಿ ಕೂರಿಸಿದ್ದರು. "ನೀರು ತಣ್ಣಗಿದೆ, ಆದರೂ ಇಳಿಯುವೆ" ಎಂದು ಹಾಡಿ ಲೂಷಿಯಸ್ ಉಸಿರಿಗೆಂದು ನಿಂತ. ಅವಳದು ಚರ್ಚಿನಲ್ಲಿ ಬೆಳೆದ ಬಾಯಿ. ಅಲ್ಲಿ ಎದೆಗೆ ನಾಟಿದ ಮಾತಿಗೆ ಹೂಂಗುಟ್ಟದೆ ಇರುವವರು ಸತ್ತವರು ಮಾತ್ರ, ಅವರಲ್ಲೂ ಎಲ್ಲರೂ ಅಲ್ಲ. ಅದೇ ಬುತ್ತಿಯಿಂದ ಬಾಯಿಗಿಟ್ಟಿದ್ದ ತುತ್ತು ನುಂಗಿ, ಒಂದಿಷ್ಟು ತಡವಾಗಿ, "ಹೂಂ... ಹೇಳಪ್ಪಾ" ಎಂದುಬಿಟ್ಟಿದ್ದಳು. ವಾದ್ಯದವರು ತಲೆ ಚಚ್ಚಿಕೊಂಡರು. ಲೂಷಿಯಸ್ ಮಾತ್ರ, "ಇರ್ಲಿ ಬಿಡಿ, ಯಾರೋ ಒಬ್ರಿಗೆ ತಾಗ್ತಲ್ಲ," ಎಂದಿದ್ದ.

ಆಲ್ಬಮ್ಮಿನ ಹೊದಿಕೆಯ ಮೇಲೆ ಅವಳ ಹೆಸರಿಲ್ಲ. ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತ ಸವೆದ ಆಯುಷ್ಯದಲ್ಲಿ ತನ್ನದೆಂದು ಲೋಕದಲ್ಲಿ ಅವಳು ಬಿಟ್ಟದ್ದು ಆ ಒಂದು ಹೂಂ.

"ಒಂದು ಹೂಂ ಹಿಡ್ಕೊಂಡು ರಾಣಿ ಥರ ಮೆರೆದ್ಯಲ್ಲ ತಾಯಿ," ಎಂದು ಅವಳ ತಂಗಿ ವರ್ಡೆಲ್ ಮೀನಿನ ಮುಳ್ಳು ಬಿಡಿಸುತ್ತ ಚುಚ್ಚಿದಳು. "ಇನ್ನಾದ್ರೂ ನಮ್ಮ ಕಿವಿಗೆ ಬಿಡುವು."

"ಮುಳ್ಳು ಸಿಕ್ಕೀತು, ಸುಮ್ನೆ ತಿನ್ನೇ." ಓರಾಲೀಯ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. "ಹಾಕಪ್ಪ ಥರ್ಮನ್. ನಾನಿಲ್ದೆ ಹೇಗಿರುತ್ತೆ ಕೇಳೋಣ."

ಸೂಜಿ ಇಳಿಯಿತು. ಹಾಡು ಮೊದಲು ನೆಲವನ್ನು ತೋಯಿಸಿತು, ಆಮೇಲೆ ಮೇಜಿನ ಕಾಲುಗಳನ್ನು. ನೋಡನೋಡುತ್ತ ಜನರೆಲ್ಲ ಕುರ್ಚಿಸಮೇತ ತೇಲತೊಡಗಿದರು. ಹೆಂಗಸರ ಟೋಪಿಯ ಗರಿಗಳು ನೀರೊಳಗಿನ ಜೊಂಡಿನಂತೆ ತೂಗಿದವು. ಎಂದೋ ತೀರಿಹೋದ ಲೂಷಿಯಸ್ ಓರಾಲೀಯ ಹೆಗಲ ಬಳಿಯೇ ಉಸಿರೆಳೆದುಕೊಂಡ. ಆ ಸಾಲು ಬಂತು. ನಿಂತಿತು.

ತೊಳೆದಿಟ್ಟ ಮೌನ. ಓರಾಲೀ ತುಟಿ ಬಿಗಿಹಿಡಿದಳು. ತನ್ನ ಜಾಗವನ್ನು ತಾನೇ ಬೇಡಿ ಪಡೆಯುವವಳಲ್ಲ ಅವಳು.

ಒಂದಿಷ್ಟು ತಡವಾಗಿ, "ಹೂಂ... ಹೇಳಪ್ಪಾ" ಎಂದಳು ವರ್ಡೆಲ್, ಮೀನು ತುಂಬಿದ ಬಾಯಲ್ಲೇ. ಅವಳೊಂದಿಗೇ ಬಾಣಲೆಯ ಮುಂದಿದ್ದವನು, ಪಾದ್ರಿ, ಥರ್ಮನ್, ಹಾಡು ಬಂದು ಎಷ್ಟೋ ಕಾಲದ ಮೇಲೆ ಹುಟ್ಟಿದ ಹೆಣ್ಣುಮಕ್ಕಳು, ಎಲ್ಲರೂ. ಅಷ್ಟೇ ತಡವಾಗಿ, ಅದೇ ಎಳೆತದಲ್ಲಿ, ತುತ್ತು ನುಂಗಿದವರಂತೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಾಯಿ ತೆರೆದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಅಷ್ಟಕ್ಕೇ ಕಾದಿದ್ದವನಂತೆ ಲೂಷಿಯಸ್ ಮುಂದಿನ ಸಾಲಿಗೆ ಇಳಿದ. ಓರಾಲೀ ಬೀಸಣಿಗೆಯನ್ನು ಮಡಿಲಲ್ಲಿಟ್ಟು, ಬಿಗಿಯಾದ ಬೂಟಿನಿಂದ ಕಾಲು ಬಿಡಿಸಿಕೊಂಡು, ಬರಿ ಪಾದಗಳನ್ನು ಒಂದಾದ ಮೇಲೊಂದು ತಣ್ಣನೆಯ ನೆಲಕ್ಕೆ ಮೆಲ್ಲಗೆ ಇಳಿಬಿಟ್ಟಳು.