ಇಪ್ಪತ್ತಮೂರು ಜನರ ಕೋಟು

ನಮ್ಮ ಓಣಿಯ ಶೌಚಾಲಯಕ್ಕೆ ಐದು ವರ್ಷ ಬಾಗಿಲಿರಲಿಲ್ಲ. ಅದಕ್ಕೆ ಕಾರಣ ನಾನು. ಇದು ನನ್ನ ಮಾತಲ್ಲ, ನಮ್ಮತ್ತೆಯ ಮಾತು. ನಮ್ಮತ್ತೆ ಯಾವುದನ್ನೂ ಒಂದು ಸಲ ಹೇಳಿ ಸುಮ್ಮನಾಗುವ ಪೈಕಿ ಅಲ್ಲ, ಹಾಗಾಗಿ ಈಗ ಇಡೀ ಓಣಿಗೆ ಅದು ಬಾಯಿಪಾಠ ಆಗಿದೆ.

ನಡೆದದ್ದಿಷ್ಟು. ನಮ್ಮ ವಾರ್ಡಿನ ಮೆಂಬರು ಶೌಚಾಲಯದ ಬಾಗಿಲನ್ನು ರಿಪೇರಿಗೆ ಅಂತ ಬಿಚ್ಚಿಸಿಕೊಂಡು ಹೋದರು. ಹೋದ ಬಾಗಿಲು ಹೋಯಿತು. ಅಷ್ಟರಲ್ಲಿ ಚುನಾವಣೆ ಬಂತು. ಮೆಂಬರಿನ ಎದುರು ನಿಂತವರು ಟ್ಯೂಷನ್ ಟೀಚರು. ಗೆದ್ದರೆ ಮೊದಲ ಕೆಲಸವೇ ಬಾಗಿಲು ಎಂದಿದ್ದರು. ನಾನು ಅಂಗಡಿ ಮುಚ್ಚಿ, ಎರಡು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದರೆ, "ಈ ಹಳೇ ಚೀಟಿ ನಡೆಯಲ್ಲಮ್ಮ, ಫೋಟೋ ಇರೋ ಕಾರ್ಡ್ ಬೇಕು, ಹೊಸ ರೂಲ್ಸು" ಎಂದು ವಾಪಸ್ ಕಳಿಸಿದರು. ಮೆಂಬರು ಒಂದೇ ಒಂದು ವೋಟಿನಿಂದ ಗೆದ್ದರು.

ಅವತ್ತು ನಮ್ಮ ಓಣಿಯಿಂದ ಹಾಗೆ ವಾಪಸ್ ಬಂದವರು ಹನ್ನೊಂದು ಜನ. ಆದರೆ ಅತ್ತೆಗೆ ಸೊಸೆ ಅಂತ ಇರುವವಳು ನಾನೊಬ್ಬಳೇ.

"ನನ್ನ ವೋಟು ಬಿದ್ದಿದ್ರೂ ಸಮ ಆಗ್ತಿತ್ತು ಅಷ್ಟೇ ಅತ್ತೆ, ಆಮೇಲೆ ಚೀಟಿ ಎತ್ತಿ ನೋಡ್ಬೇಕಾಗಿತ್ತು," ಎಂದು ನಾನು ಲೆಕ್ಕ ಹೇಳಿದೆ.

"ಚೀಟಿ ಎತ್ತೋದಾದ್ರೂ ಆಗ್ತಿತ್ತಲ್ಲ! ಈಗ ನಾನು ಹೋಗಿ ಕೂತಾಗೆಲ್ಲ ಬೆಡ್‌ಶೀಟ್ ಎತ್ತಿ ಹಿಡಿಯೋ ಹಾಗಾಯ್ತು," ಎಂದರು ಅತ್ತೆ.

ಅದೂ ನಿಜ. ಬಾಗಿಲಿನ ಜಾಗಕ್ಕೆ ಒಂದು ಬೆಡ್‌ಶೀಟ್ ಕಟ್ಟಿದ್ದೆವು. ಅದು ನನ್ನದು. "ನಿನ್ನಿಂದ ಹೋದ ಬಾಗಿಲು, ಬಟ್ಟೆನೂ ನೀನೇ ಕೊಡಬೇಕು" ಎಂದು ತೀರ್ಮಾನವಾಗಿತ್ತು. ಗಾಳಿ ಬಂದ ದಿನ ಒಳಗಿದ್ದವರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಇಸ್ತ್ರಿ ಮಾಡುತ್ತಾ ನಿಂತವಳಿಗೆ ಅದು ಅಂಗಡಿಯವರೆಗೂ ಕೇಳಿಸುತ್ತಿತ್ತು. ಹೀಗೆ ಐದು ವರ್ಷ. ಮತ್ತೆ ಚುನಾವಣೆ ಬಂತು, ಮತ್ತೆ ಮೆಂಬರಿನ ಎದುರು ಟೀಚರೇ. ಈ ಸಲ ಆಕಾಶ ಕಳಚಿ ಬಿದ್ದರೂ ವೋಟು ಹಾಕಿಯೇ ಸಿದ್ಧ ಎಂದು ಹಠ ಹಿಡಿದೆ.

ಹಠ ಹಿಡಿದರೆ ಕಾರ್ಡು ಬರುತ್ತದೆಯೇ? ಕಾರ್ಡಿನ ಆಫೀಸು ಎರಡು ಬಸ್ಸು ಆಚೆಗೆ. ತೆಗೆಯುವುದು ಹತ್ತಕ್ಕೆ, ಮುಚ್ಚುವುದು ನಾಲ್ಕಕ್ಕೆ, ಅಂದರೆ ಸರಿಯಾಗಿ ನಾವೆಲ್ಲ ಕೆಲಸದಲ್ಲಿರುವ ಹೊತ್ತು. ಅರ್ಜಿಯಲ್ಲಿ ಮನೆ ನಂಬರು ಬರೆಯಬೇಕು. ನಮ್ಮ ಓಣಿಯ ಮನೆಗಳಿಗೆ ನಂಬರೇ ಇಲ್ಲ. ನೀರಿನ ಕ್ಯಾನು ಹೊರುವ ರೂಲ್ಸಣ್ಣ ಒಂದು ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಎಲ್ಲ ಬಾಗಿಲುಗಳ ಮೇಲೂ ನಂಬರು ಬರೆದ. ಓದಿದ್ದನ್ನೆಲ್ಲ ನೆನಪಿಟ್ಟುಕೊಂಡು ಹೋದಲ್ಲಿ ಬಂದಲ್ಲಿ ರೂಲ್ಸು ಹೇಳುತ್ತಾನೆ, ಅದಕ್ಕೇ ಆ ಹೆಸರು. ಆದರೆ ಎಣಿಸುವಾಗ ಯಾರೋ ಮಾತಾಡಿಸಿದರಂತೆ, ಏಳನೇ ನಂಬರಿನ ಮನೆ ಎರಡಾದವು. ಆ ಎರಡು ಮನೆಯವರು ಈಗಲೂ ಮಾತು ಬಿಟ್ಟಿದ್ದಾರೆ. ಕೌಂಟರಿನವರು ನಮ್ಮ ನಂಬರು ನೋಡಿ, "ಕರೆಂಟ್ ಬಿಲ್ ತನ್ನಿ" ಎಂದರು. ಮೀಟರೇ ಇಲ್ಲದ ಮನೆಗೆ ಬಿಲ್ಲು ಕಳಿಸುವಷ್ಟು ಉದಾರಿಗಳು ನಮಗಿನ್ನೂ ಸಿಕ್ಕಿಲ್ಲ.

ರೂಲ್ಸಣ್ಣ ಅರ್ಜಿ ಬರೆದೂ ಬರೆದೂ ಮೇಲಿನವರ ತಲೆ ತಿಂದು, ಕೊನೆಗೆ ಫೋಟೋ ತೆಗೆಯುವ ವ್ಯಾನನ್ನೇ ಓಣಿಗೆ ಕರೆಸಿದ. ಬಿಲ್ಲಿಲ್ಲದಿದ್ದರೂ ಸ್ಥಳದಲ್ಲೇ ಪರಿಶೀಲಿಸಿ ಕಾರ್ಡು ಕೊಡುತ್ತಾರಂತೆ. ವ್ಯಾನು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ, ಹೇಳದೆ ಕೇಳದೆ, ಎರಡೇ ಗಂಟೆಯ ಮಟ್ಟಿಗೆ. ಸುದ್ದಿ ಮುಟ್ಟಿದವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದರು. ಒಟ್ಟು ಇಪ್ಪತ್ತಮೂರು ಜನ.

ವ್ಯಾನಿನ ಮೇಡಂ ಒಳ್ಳೆಯವರೇ. ಬಿಳೀ ಪರದೆ ಕಟ್ಟಿ ಸ್ಟೂಲು ಹಾಕಿದರು. ಮೊದಲು ಕೂತವನು ಗೋಡೆಗೆ ಸುಣ್ಣ ಬಳಿಯುವ ನಮ್ಮ ಸುಣ್ಣದ ಮಾವ, ತಲೆಯಿಂದ ಕಾಲಿನವರೆಗೆ ಸುಣ್ಣ. ಕ್ಯಾಮೆರಾದಲ್ಲಿ ಎರಡು ಕಣ್ಣು ಮತ್ತು ಒಂದಿಷ್ಟು ಹಲ್ಲು ಮಾತ್ರ ಬಂದವು. ಮೆಷೀನು ಕುಂಯ್ ಎಂದು ತಿರಸ್ಕರಿಸಿತು. ಎರಡನೆಯವಳದ್ದೂ ಕುಂಯ್, ಮೂರನೆಯವನದ್ದೂ ಕುಂಯ್.

"ಬಟ್ಟೆ ಪರದೆ ಜೊತೆ ಸೇರಿಕೊಳ್ತಿದೆ. ಏನಾದ್ರೂ ಗಾಢ ಬಣ್ಣದ್ದು ಹಾಕ್ಕೊಂಡು ಬನ್ನಿ," ಎಂದರು ಮೇಡಂ.

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ನಮ್ಮ ಬಟ್ಟೆಗಳಿಗೂ ಒಂದು ಕಾಲಕ್ಕೆ ಬಣ್ಣ ಇತ್ತು. ಒಗೆದೂ ಒಗೆದೂ ಈಗ ಎಲ್ಲರದ್ದೂ ಒಂದೇ ಥರ. ಆಗ ಅತ್ತೆಯ ಕಣ್ಣು ನನ್ನ ಇಸ್ತ್ರಿ ಅಂಗಡಿಯ ಹ್ಯಾಂಗರಿನ ಮೇಲೆ ಬಿತ್ತು.

ಅಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಮೂರನೇ ಮಹಡಿ ಸಾಹೇಬರ ಕೋಟು ತೂಗುತ್ತಿತ್ತು. ಕಡುನೀಲಿ. ನಾಲ್ಕು ಗುಂಡಿಯಲ್ಲಿ ಮೂರು ಕಪ್ಪು, ಒಂದು ಕಂದು.

"ಬೇಡ ಅತ್ತೆ, ಗಿರಾಕಿ ಬಟ್ಟೆ," ಎಂದೆ.

"ಬಾಗಿಲು ಬೇಕೋ ಬೇಡ್ವೋ?" ಎಂದರು ಅತ್ತೆ. ನಾನು ಹೋಗಿ ಕೋಟು ಇಳಿಸಿದೆ.

ಕೋಟು ಇಪ್ಪತ್ತಮೂರು ಮೈ ಹತ್ತಿ ಇಳಿಯಿತು. ಮೈಕೈ ತೊಳೆದು ಬಂದ ಸುಣ್ಣದ ಮಾವನಿಗೆ ಗುಂಡಿ ಹಾಕಲಾಗಲಿಲ್ಲ, ಇಬ್ಬರು ಕೆಳಗೆ ಕೂತು ಅಂಚುಗಳನ್ನು ಎಳೆದು ಹಿಡಿದೆವು. ರೂಲ್ಸಣ್ಣ ಮಂತ್ರಿಯ ಹಾಗೆ ಗಲ್ಲ ಎತ್ತಿ ಕೂತ. ಅತ್ತೆ ಫೋಟೋ ಮುಗಿದ ಮೇಲೂ ಬಿಚ್ಚಲಿಲ್ಲ, ಓಣಿಯ ಆ ತುದಿವರೆಗೆ ನಡೆದು ಎಲ್ಲರಿಗೂ ಮುಖ ತೋರಿಸಿ ಬಂದರು. ನಾನು ಒಬ್ಬೊಬ್ಬರು ಬಿಚ್ಚಿದ ಮೇಲೂ ಅದನ್ನು ಝಾಡಿಸಿ, ನೀರು ಚಿಮುಕಿಸಿ, ಮತ್ತೆ ಇಸ್ತ್ರಿ ಹಾಕಿದೆ. ಕದ್ದು ಹಾಕಿಕೊಂಡ ಕೋಟಾದರೂ ಸುಕ್ಕು ಇರಬಾರದು; ಅದು ನನ್ನ ಕಸುಬಿನ ಮರ್ಯಾದೆ. ಭಾನುವಾರ ಸಾಹೇಬರ ಮನೆಗೆ ಹೋಗಿ ಕೊಟ್ಟೆ. ಅವರು ಎಂದಿನಂತೆ ಕೋಟಿನ ತೋಳು ನೋಡಿ, ಕಾಲರ್ ನೋಡಿ, ಬಾಗಿಲು ಹಾಕಿಕೊಂಡರು. ಹನ್ನೊಂದು ವರ್ಷದಿಂದ ಹೀಗೇ.

ಕಾರ್ಡುಗಳು ಬಂದವು. ನೋಡಿ ನೋಡಿ ಖುಷಿಪಟ್ಟೆವು. ಇಪ್ಪತ್ತಮೂರು ಕಾರ್ಡಿನಲ್ಲೂ ಒಂದೇ ಕೋಟು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅವರವರ ಕಾರ್ಡಿನಲ್ಲಿ ಅವರವರು ಮುಖ ನೋಡಿಕೊಳ್ಳುತ್ತಿದ್ದರು.

ಚುನಾವಣೆಯ ದಿನ ನಮಗೆ ಯಾರೂ ರಜೆ ಕೊಡಲಿಲ್ಲ. ಕೆಲಸ ಮುಗಿಸಿ ಎಲ್ಲರೂ ಸೇರಿ ಶಾಲೆಯ ಮತಗಟ್ಟೆಗೆ ಹೋಗುವಾಗ ನಾಲ್ಕೂಕಾಲು. ಐದಕ್ಕೆ ಮುಚ್ಚುತ್ತಾರೆ. ಅತ್ತೆ ಮುಂದೆ, ಸುಣ್ಣದ ಮಾವ ಅವರ ಹಿಂದೆ, ಆಮೇಲೆ ರೂಲ್ಸಣ್ಣ, ನಾನು, ಉಳಿದವರು. ಕೋಣೆಯ ಒಳಗೆ ಇಣುಕಿ ನೋಡಿದೆ.

ಮೇಜಿನ ಹಿಂದೆ ಕೂತಿದ್ದ ಮತಗಟ್ಟೆ ಅಧಿಕಾರಿ ಮೂರನೇ ಮಹಡಿ ಸಾಹೇಬರು. ಮೈಮೇಲೆ ಅದೇ ಕೋಟು.

"ಅತ್ತೆ, ವಾಪಸ್ ಬನ್ನಿ," ಎಂದು ಪಿಸುಗುಟ್ಟಿದೆ. ಅತ್ತೆಗೆ ಕೇಳಬೇಕಾದ ಮಾತು ಯಾವತ್ತೂ ಕೇಳಿಸುವುದಿಲ್ಲ. ಹೋಗಿ ಕಾರ್ಡು ಕೊಟ್ಟೇಬಿಟ್ಟರು.

ಸಾಹೇಬರು ಕಾರ್ಡು ನೋಡಿದರು. ಅತ್ತೆಯನ್ನು ನೋಡಿದರು. ಸುಣ್ಣದ ಮಾವನ ಕಾರ್ಡು ತೆಗೆದುಕೊಂಡು ನೋಡಿದರು. ಕನ್ನಡಕ ಒರೆಸಿಕೊಂಡು, "ಎಲ್ಲರ ಕಾರ್ಡೂ ಕೊಡಿ," ಎಂದರು. ಇಪ್ಪತ್ತಮೂರನ್ನೂ ಮೇಜಿನ ಮೇಲೆ ಹರಡಿದರು. ಬೆರಳು ಒಂದು ಕಂದು ಗುಂಡಿಯ ಮೇಲೆ ನಿಂತಿತು, ಪಕ್ಕದ ಕಾರ್ಡಿನ ಕಂದು ಗುಂಡಿಗೆ ಹೋಯಿತು, ಅದರ ಪಕ್ಕದ್ದಕ್ಕೆ ಹೋಯಿತು. ಕೊನೆಗೆ ನಿಧಾನಕ್ಕೆ ಅವರದೇ ಎದೆಗೆ ಬಂತು.

"ಇದು ನನ್ನ ಕೋಟು!" ಎಂದು ಕಿರುಚಿದರು.

ಮೆಂಬರಿನ ಕಡೆಯ ಏಜೆಂಟು ಕುರ್ಚಿಯಿಂದ ನೆಗೆದು ಬಂದ. "ಸಾರ್, ಇದು ಮೋಸ! ಒಬ್ಬನೇ ಇಪ್ಪತ್ತಮೂರು ವೇಷ ಹಾಕಿದ್ದಾನೆ!"

"ಯಾವನಯ್ಯ ಅವನು ಒಬ್ಬ? ನಾನು ಹೆಂಗಸು, ಕಣ್ಣು ಕಾಣಲ್ವಾ ನಿಂಗೆ?" ಎಂದರು ಅತ್ತೆ.

"ಫೋಟೋದಲ್ಲಿರೋರು ಕೋಟು ಹಾಕಿರೋ ದೊಡ್ಡಮನುಷ್ಯರು. ಇವರು ಹಾಗಿಲ್ಲ ಸಾರ್, ಹೋಲಿಕೆನೇ ಇಲ್ಲ," ಎಂದ ಏಜೆಂಟು.

ಸಾಹೇಬರು ಪಾಪ, ನ್ಯಾಯವಂತರು. ಹೋಲಿಕೆ ನೋಡಿಯೇ ಬಿಡೋಣ ಎಂದು ಕೋಟು ಬಿಚ್ಚಿ ಅತ್ತೆಗೆ ಕೊಟ್ಟರು. ಅತ್ತೆ ತೋಳು ತೂರಿಸಿ, ಕಾಲರ್ ಸರಿಮಾಡಿಕೊಂಡು ಏಜೆಂಟಿನ ಮೂಗಿನ ಮುಂದೆ ನಿಂತರು. ತದ್ರೂಪು ಫೋಟೋ. ಏಜೆಂಟು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದು, "ನಮಸ್ಕಾರ ಮೇಡಂ," ಎಂದುಬಿಟ್ಟ.

ಆದರೂ ಸಾಹೇಬರು ತಲೆ ಅಲ್ಲಾಡಿಸಿದರು. "ಅನುಮಾನ ಬಂದ ಮೇಲೆ ಈ ಕಾರ್ಡು ಸಾಕಾಗಲ್ಲಮ್ಮ. ಬೇರೆ ದಾಖಲೆ ಏನಾದ್ರೂ ಇದೆಯಾ? ಕರೆಂಟ್ ಬಿಲ್ಲು?"

ಗೋಡೆ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ನನ್ನ ಕಣ್ಣ ಮುಂದೆ ಬೆಡ್‌ಶೀಟು ಇನ್ನೂ ಐದು ವರ್ಷ ಹಾರಾಡಿತು.

ಅಷ್ಟರಲ್ಲಿ ರೂಲ್ಸಣ್ಣ ಕೆಮ್ಮಿದ. "ಸಾರ್, ನಿಮ್ಮ ಪುಸ್ತಕದಲ್ಲಿ ಒಂಬತ್ತನೇ ರೂಲು ನೋಡಿ. ಮತದಾರರು ಅಧಿಕಾರಿಗೆ ಖುದ್ದು ಪರಿಚಯ ಇದ್ರೆ ಬೇರೆ ದಾಖಲೆ ಬೇಡ."

ಸಾಹೇಬರು ಪುಸ್ತಕ ತೆಗೆದು ನೋಡಿದರು. ರೂಲು ಇತ್ತು. "ಇದೆ. ಆದ್ರೆ ನಿಮ್ಮಲ್ಲಿ ಯಾರನ್ನೂ ನಾನು ನೋಡೇ ಇಲ್ವಲ್ಲ," ಎಂದರು.

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷ ಮೂರು ಮಹಡಿ ಹತ್ತಿ ಇಳಿದಿದ್ದೇನೆ!

"ಸಾರ್, ನಾನು ನಿಮ್ಮ ಇಸ್ತ್ರಿಯವಳು. ಪ್ರತಿ ಭಾನುವಾರ ನಿಮ್ಮನೆ ಬಾಗಿಲಿಗೆ ಬರ್ತೀನಿ."

ಅವರು ನನ್ನ ಮುಖವನ್ನು ದಿಟ್ಟಿಸಿದರು. ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು, ಅದು ಕಾಣಿಸುತ್ತಿತ್ತು. "ಇಲ್ಲಮ್ಮ, ನೆನಪಾಗ್ತಿಲ್ಲ. ಸುಳ್ಳು ಹೇಳಿ ಸಹಿ ಹಾಕೋದು ಹೇಗೆ?"

"ಹಾಗಾದ್ರೆ ನಾನೇ ನಿಮ್ಮ ಗುರುತು ಹೇಳ್ತೀನಿ. ಎಡ ಜೇಬಲ್ಲಿ ಯಾವಾಗ್ಲೂ ಪೆಪ್ಪರಮಿಂಟಿನ ಕಾಗದ, ಒಂಬತ್ತೋ ಹತ್ತೋ. ಸಿಹಿ ತಿನ್ನಬಾರದು ಅಂತ ಡಾಕ್ಟ್ರು ಬರೆದ ಚೀಟಿ ಬಲ ಜೇಬಲ್ಲಿ. ಆ ಎಡ ಜೇಬು ತೂತಾಗಿತ್ತು, ಹೊಲಿದಿದ್ದು ನಾನು. ಆ ತೂತಿಂದ ಜಾರಿದ ಒಂದು ಕೀಲಿ ಕೋಟಿನ ಅಸ್ತರಿನ ಒಳಗೇ ಇದೆ. ಎರಡು ವರ್ಷದಿಂದ ನನ್ನ ಇಸ್ತ್ರಿಪೆಟ್ಟಿಗೆಗೆ ತಗಲ್ತಾ ಇದೆ."

ಸಾಹೇಬರು ಅತ್ತೆಯ ಮೈಮೇಲಿನ ಕೋಟಿನ ಅಂಚನ್ನು ತಡಕಿದರು. ಅತ್ತೆ, "ಹುಷಾರು," ಎಂದರು. ಹೊಲಿಗೆ ಬಿಚ್ಚಿದಾಗ ಪುಟ್ಟ ಕೀಲಿ ಮೇಜಿನ ಮೇಲೆ ಠಣ್ಣೆಂದು ಬಿತ್ತು.

"ಅಯ್ಯೋ, ಬೀರು ಕೀಲಿ! ಇದಕ್ಕೋಸ್ಕರ ಬೀರು ಒಡೆಸಿದ್ನಲ್ಲಮ್ಮ! ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಾಯಿ ತೆರೆಯೋಷ್ಟರಲ್ಲಿ ನೀವು ಬಾಗಿಲು ಹಾಕಿರ್ತೀರಿ ಸಾರ್."

ಸಾಹೇಬರ ಕಿವಿ ಕೆಂಪಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಮ್ಮವರು ನಮ್ಮವರೇ ಅಲ್ಲ.

"ನಿಮ್ಮಡಿಗೆಮನೆಗೆ ಸುಣ್ಣ ಹೊಡೆದಿದ್ದು ನಾನು ಸಾರ್," ಎಂದ ಸುಣ್ಣದ ಮಾವ. "ಫ್ರಿಜ್ ಹಿಂದೆ ಹೊಡೆದಿಲ್ಲ, ಕ್ಷಮಿಸಬೇಕು."

"ನಿಮ್ಮನೆಗೆ ನೀರಿನ ಕ್ಯಾನ್ ತರೋನು ನಾನು," ಎಂದ ರೂಲ್ಸಣ್ಣ. "ಬಚ್ಚಲಲ್ಲಿ ಹಾಡ್ತೀರಲ್ಲ, ಎರಡನೇ ಸಾಲು ತಪ್ಪು ಸಾರ್."

"ಪಾತ್ರೆ ತೊಳೆಯೋದು ನಾನು," ಎಂದರು ಅತ್ತೆ ಕೋಟಿನ ಜೇಬಿಗೆ ಎರಡೂ ಕೈ ಇಳಿಬಿಟ್ಟು. "ಮೊನ್ನೆ ನೀವು ಹಾಲು ತಳ ಹಿಡಿಸಿ, ಅಮ್ಮಾವ್ರಿಗೆ ಕಾಣಬಾರದು ಅಂತ ಪಾತ್ರೆನ ಹೂಕುಂಡದ ಹಿಂದೆ..."

"ಪರಿಚಯ ಇದೆ!" ಎಂದು ಸಾಹೇಬರು ಎದ್ದು ನಿಂತರು. "ಎಲ್ಲರೂ ಪರಿಚಯ ಇದ್ದಾರೆ! ಒಬ್ಬೊಬ್ಬರೂ ಚೆನ್ನಾಗಿ ಗೊತ್ತು! ಎಲ್ಲಿ ಸಹಿ ಹಾಕಬೇಕು?"

"ಸಾರ್, ಇನ್ನೂ ಹತ್ತೊಂಬತ್ತು ಜನ ಇದ್ದಾರೆ, ಅವರದ್ದೂ ಕೇಳಿ," ಎಂದ ಏಜೆಂಟು ಆಸೆಯಿಂದ. ಅವನಿಗೂ ಕಥೆ ಹಿಡಿಸಿತ್ತು. ಸಾಹೇಬರು ಅವನನ್ನು ನುಂಗುವ ಹಾಗೆ ನೋಡಿದರು.

ಐದಕ್ಕೆ ಎರಡು ನಿಮಿಷ ಇರುವಾಗ ನಾನು ವೋಟು ಹಾಕಿದೆ. ದಿನಾ ಸುಡುವ ಕಬ್ಬಿಣ ಒತ್ತುವ ಕೈಯಿಂದ ಗುರುತನ್ನೂ ಗಟ್ಟಿಯಾಗಿ ಒತ್ತಿದೆ. ಹೊರಗೆ ಬಂದು ಗೋಡೆಗೆ ಒರಗಿ ಅಳತೊಡಗಿದೆ. ಅತ್ತೆ ಬಂದು, "ಸರಿಯಾಗಿ ಒತ್ತಿದ್ಯಾ?" ಎಂದು ಕೇಳಿ, ಸೆರಗು ಕೋಟಿನೊಳಗೆ ಸಿಕ್ಕಿಕೊಂಡಿದ್ದರಿಂದ ಅದರ ತೋಳಿನಿಂದಲೇ ನನ್ನ ಕಣ್ಣು ಒರೆಸಿದರು. ಆಮೇಲೆ ಕೋಟು ವಾಪಸ್ ಕೊಡಲು ಮತ್ತೆ ಒಳಗೆ ಹೋಗಬೇಕಾಯಿತು.

ಟೀಚರು ಹತ್ತೊಂಬತ್ತು ವೋಟಿನಿಂದ ಗೆದ್ದರು. ನಾವು ಇಪ್ಪತ್ತಮೂರು ಜನ. ಗೆಲ್ಲಿಸಿದ್ದು ನಾನೇ ಎಂದು ಇಪ್ಪತ್ತಮೂರು ಜನರೂ ಹೇಳಿಕೊಂಡು ಓಡಾಡುತ್ತಿದ್ದಾರೆ, ಎಲ್ಲರಿಗಿಂತ ಜೋರಾಗಿ ನಮ್ಮತ್ತೆ. ಶೌಚಾಲಯಕ್ಕೆ ಹೊಸ ಬಾಗಿಲು ಬಂತು, ಹಸಿರು ಬಣ್ಣದ್ದು. ಚಿಲಕ ಇನ್ನೂ ಬಂದಿಲ್ಲ, ಒಳಗೆ ಕೂತವರು ಹಾಡುತ್ತಿರಬೇಕು. ನನ್ನ ಬೆಡ್‌ಶೀಟು ಒಗೆದು ಮಡಿಚಿ ವಾಪಸ್ ಕೊಟ್ಟರು.

ಮುಂದಿನ ಭಾನುವಾರ ಕೋಟು ಇಸ್ತ್ರಿ ಮಾಡಿ ಮೂರನೇ ಮಹಡಿಗೆ ಹೋದೆ. ಈಗಂತೂ ಪರಿಚಯದವಳು, ಕೂತ್ಕೋ ಅಂತಾರೋ, ನೀರು ಬೇಕಾ ಅಂತಾರೋ ಎಂದು ಮೆಟ್ಟಿಲು ಹತ್ತುತ್ತಾ ಸ್ವಲ್ಪ ಬೀಗಿದ್ದೆ. ಗಂಟೆ ಒತ್ತಿದೆ. ಸಾಹೇಬರೇ ಬಾಗಿಲು ತೆರೆದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾರು ಬೇಕಿತ್ತು?" ಎಂದರು.

ನಾನು ಕೋಟನ್ನು ಹ್ಯಾಂಗರಿನ ಸಮೇತ ಎತ್ತಿ ನನ್ನ ಗಲ್ಲದ ಕೆಳಗೆ ಹಿಡಿದೆ.

ಅವರ ಮುಖ ಅರಳಿತು. "ಓಹೋ, ನೀವಾ!" ಎಂದರು. ಕೋಟು ತೆಗೆದುಕೊಂಡು ತೋಳು ನೋಡಿ, ಕಾಲರ್ ನೋಡಿ, ಬಾಗಿಲು ಹಾಕಿಕೊಂಡರು. ಒಳಗೆ ಚಿಲಕ ಬಿದ್ದ ಸದ್ದು ಗಟ್ಟಿಯಾಗಿ ಕೇಳಿಸಿತು. ಒಳ್ಳೆಯ ಚಿಲಕ. ನಮ್ಮದಕ್ಕೂ ಅಂಥದ್ದೇ ಹಾಕಿಸಿ ಅಂತ ಟೀಚರಿಗೆ ಹೇಳಬೇಕು.