ಊರಿಗೆಂದು ಹೇಳಿ ಹೊರಟ ದಿನ

ರಜೆಯ ಮೊದಲ ದಿನ, ಗುರುವಾರ ಬೆಳಿಗ್ಗೆ ಏಳೂಕಾಲಕ್ಕೆ ಲಿಜ್ಜಿಯ ಸೂಟ್‌ಕೇಸ್ ಸಿದ್ಧವಾಗಿತ್ತು. ಅದು ಇಷ್ಟು ಸುಲಭವಾಗಿ ಮುಚ್ಚಿದ್ದು ಇದೇ ಮೊದಲು. ಒಳಗೆ ಎರಡು ಸ್ವೆಟರ್, ಒಂದು ಕಪ್ಪು ಉಡುಪು, ಎತ್ತರದ ಹಿಮ್ಮಡಿಯ ಒಂದು ಜೊತೆ ಚಪ್ಪಲಿ. ಹಾಲಿನ ಪುಡಿಯ ಡಬ್ಬ, ನೋವಿನ ಮುಲಾಮು, ಬಾದಾಮಿ, ಸಾಬೂನು ಯಾವುದೂ ಇರಲಿಲ್ಲ. ಸೋಲಲೆಂದೇ ಮೀಸಲಿಟ್ಟ ಹಣವನ್ನು ಬೇರೆ ಲಕೋಟೆಯಲ್ಲಿ ಹಾಕಿ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು.

ಅವಳು ಹೊರಟಿದ್ದು ಜಾರ್ಜಿಯಾ ದೇಶಕ್ಕೆ. ಸಂಜೆ ನಾಲ್ಕೂವರೆಗೆ ಟ್ಬಿಲಿಸಿಗೆ ವಿಮಾನ, ಮರುದಿನ ಅಲ್ಲಿಂದ ರೈಲಿನಲ್ಲಿ ಕಪ್ಪು ಸಮುದ್ರದ ದಡದಲ್ಲಿರುವ ಬಟುಮಿ. ಅಲ್ಲಿನ ದೊಡ್ಡ ಹೋಟೆಲುಗಳ ಕೆಳಮಹಡಿಯಲ್ಲಿ ಕ್ಯಾಸಿನೊಗಳಿವೆ. ಕುವೈತ್‌ನ ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದವರಿಗೆ ವೀಸಾದ ತಾಪತ್ರಯವಿಲ್ಲ. ಕುವೈತ್‌ನಲ್ಲಿ ಜೂಜು ಅಪರಾಧ. ಫರ್ವಾನಿಯಾದ ಖಾಸಗಿ ಕ್ಲಿನಿಕ್ ಒಂದರ ವಿಮಾ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಐವತ್ತೆರಡರ ಅವಿವಾಹಿತೆ ಲಿಜ್ಜಿ, ಅಲ್ಲಿಯವರೆಗೆ ಒಂದು ರೂಪಾಯಿಯ ಜೂಜನ್ನೂ ಆಡಿದವಳಲ್ಲ.

ಆಡುವ ಅವಕಾಶ ಬಂದಿರಲಿಲ್ಲ ಎನ್ನುವುದು ಹೆಚ್ಚು ಸರಿ. ಕರಾವಳಿಯ ಕ್ರೈಸ್ತರ ಸಂಘದ ಪಿಕ್‌ನಿಕ್, ಕ್ರಿಸ್‌ಮಸ್ ಕೂಟ, ಮರಿಯಮ್ಮನ ಮೊಂತಿ ಹಬ್ಬ ಎಲ್ಲದರಲ್ಲೂ ಕೊನೆಗೆ ಹೌಸಿ, ಅಂದರೆ ತಂಬೋಲ ಆಟ ಇರುತ್ತದೆ. ಹದಿನೆಂಟು ವರ್ಷಗಳಿಂದ ಅದರ ಸಂಖ್ಯೆಗಳನ್ನು ಕೂಗುವವಳು ಲಿಜ್ಜಿ. ಧ್ವನಿ ಸ್ಪಷ್ಟ, ತಪ್ಪಾಗುವುದಿಲ್ಲ. ಕೂಗುವವರಿಗೆ ಟಿಕೆಟ್ ಇಲ್ಲ. ಕಳೆದ ಚಳಿಗಾಲದಲ್ಲಿ ಉಳಿದ ಟಿಕೆಟ್‌ಗಳನ್ನು ಮನೆಗೆ ತಂದು, ಹಾಸಿಗೆಯ ಮೇಲೆ ಹರಡಿ, ತಾನೇ ಸಂಖ್ಯೆ ತೆಗೆದು ತಾನೇ ಗುರುತು ಹಾಕುತ್ತಾ ಹೋದಳು. ನಲವತ್ತು ನಿಮಿಷಕ್ಕೆ ಪೂರ್ತಿ ಟಿಕೆಟ್ ತುಂಬಿತು. ಗೆದ್ದೆ ಎಂದು ಕೂಗಲು ಬಾಯಿ ತೆರೆದು ಸುಮ್ಮನಾದಳು. ಬೇರೆ ಯಾರೋ ಸಂಖ್ಯೆ ಹೇಳುವ ಮೇಜಿನ ಮುಂದೆ ಕುಳಿತುಕೊಳ್ಳಬೇಕೆಂದು ತೀರ್ಮಾನಿಸಿದ್ದು ಆ ರಾತ್ರಿ.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೆಂಗಸೊಬ್ಬಳು, ಅದೂ ಒಬ್ಬಳೇ, ಜೂಜಾಡಲು ವಿಮಾನ ಹತ್ತಿದಳೆಂದರೆ ಮುಂದಿನ ಭಾನುವಾರದೊಳಗೆ ಅದು ಊರಿಗೆ, ಶಿರ್ವಕ್ಕೂ ತಲುಪುತ್ತದೆ. ಹಾಗಾಗಿ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿರುವ ಶರ್ಲಿನ್‌ಗೆ ಅವಳು ಹೇಳಿದ್ದು ಒಂದೇ ಮಾತು: "ಊರಿಗೆ. ಮುಂಬೈ ಮಾರ್ಗವಾಗಿ."

ತಪ್ಪಾದದ್ದು ಅಲ್ಲಿ. ದುಬೈಗೆ ಎಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊರಿಗೆ ಹೋಗುವವರ ಸೂಟ್‌ಕೇಸ್ ಕೊಲ್ಲಿಯಲ್ಲಿ ಎಲ್ಲರದ್ದು. ಮೂರು ದಿನಗಳಲ್ಲಿ ಆರು ಮನೆಗಳವರು ಪಾರ್ಸೆಲ್ ಹಿಡಿದು ಬಂದರು. ಮೂವತ್ತು ಕಿಲೊ ಭರ್ತಿಯಾಗಿದೆ ಎಂದು ಆರು ಸಲ ಸುಳ್ಳು ಹೇಳಿ ಅವರನ್ನು ಕಳುಹಿಸಿದ್ದಳು.

ಏಳನೆಯ ಬಾರಿ ಬಾಗಿಲ ಗಂಟೆ ಬಾರಿಸಿದ್ದು ಈಗ. ಹೊರಗೆ ವಲೇರಿಯನ್ ನಿಂತಿದ್ದ. ಅಬು ಹಲೀಫಾದ ಶೀತಲ ಗೋದಾಮಿನ ಸೂಪರ್‌ವೈಸರ್, ಸಂಘದ ಹಿರಿಯ. ಲಿಫ್ಟ್ ಕೆಟ್ಟಿದ್ದರಿಂದ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಎರಡೂ ಕೈಗಳಲ್ಲಿ ಅಗಲವಾದ ಬಿಳಿ ರಟ್ಟಿನ ಪೆಟ್ಟಿಗೆ.

"ಬಾಯೇ, ದೇವರು ದೊಡ್ಡವನು. ನೀನಿನ್ನೂ ಹೊರಟಿಲ್ಲ," ಎಂದು ಕೊಂಕಣಿಯಲ್ಲಿ ಹೇಳುತ್ತಾ ಒಳಗೆ ಬಂದ. "ನನ್ನ ಮಗಳು ಜೊವಿಟಾಳ ಮದುವೆ ಗೌನು. ಊರಿಗೆ ಹೊರಟಿದ್ದ ಆನ್ಸನ್ ಒಯ್ಯುವುದಿತ್ತು. ನಿನ್ನೆ ಅವನ ಮ್ಯಾನೇಜರ್ ರಜೆ ಕ್ಯಾನ್ಸಲ್ ಮಾಡಿದ. ಖಲಾಸ್."

"ವಲ್ಲಿ ಬಾಬ್, ನನ್ನದು ಮೂವತ್ತು ಕಿಲೊ—"

"ಶರ್ಲಿನ್ ಹೇಳಿದಳು. ಇದು ಸೂಟ್‌ಕೇಸಿಗೆ ಹಾಕುವುದಲ್ಲ, ಕೈಯಲ್ಲಿ ಹಿಡಿಯುವುದು. ನಾಲ್ಕು ಕಿಲೊ ಇನ್ನೂರು ಗ್ರಾಂ, ಗೋದಾಮಿನ ತಕ್ಕಡಿಯಲ್ಲಿ ತೂಗಿದ್ದೇನೆ. ಯಾರಾದರೂ ಕೇಳಿದರೆ ಮದುವೆ ಗೌನು ಅನ್ನು. ಮದುವೆ ಗೌನಿಗೆ ಯಾವ ಏರ್‌ಪೋರ್ಟಿನವನೂ ಇಲ್ಲ ಅನ್ನುವುದಿಲ್ಲ."

ಮದುವೆ ಶನಿವಾರ ಶಿರ್ವದಲ್ಲಿ. ಹುಡುಗಿ ತನಗೆ ಬೇಕಾದ ಗೌನಿನ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದ್ದಳು. ಹವಲ್ಲಿಯ ಗೋವಾ ದರ್ಜಿ ಅಳತೆ ತರಿಸಿಕೊಂಡು ಎರಡು ತಿಂಗಳು ಕೂತು ಹೊಲಿದಿದ್ದ. ವಲೇರಿಯನ್‌ಗೆ ಮಾತ್ರ ಹೋಗಲಾಗುವುದಿಲ್ಲ. ಅವನ ಇಕಾಮಾ ನವೀಕರಣಕ್ಕೆ ಕೊಟ್ಟಿದ್ದು ಇನ್ನೂ ಬಂದಿಲ್ಲ. ಅದಿಲ್ಲದೆ ಕಂಪನಿಯಿಂದ ಎಕ್ಸಿಟ್ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದೆ ವಿಮಾನವಿಲ್ಲ.

"ನಾನಂತೂ ಇಗರ್ಜಿಯ ಅಲ್ಟಾರಿನ ಹತ್ತಿರ ನಿಲ್ಲುವುದಿಲ್ಲ," ಎಂದ ಅವನು, ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು. "ಇದಾದರೂ ನಿಲ್ಲಲಿ. ನಾಳೆ ಬೆಳಿಗ್ಗೆ ನನ್ನ ಭಾಮೈದ ಮಂಗಳೂರು ಏರ್‌ಪೋರ್ಟಿಗೆ ಬರುತ್ತಾನೆ. ನಿನ್ನನ್ನೂ ಮನೆಗೆ ಬಿಡುತ್ತಾನೆ. ಮದುವೆಗೆ ಬಾ. ನನ್ನ ಬದಲು ಒಂದು ಕಪ್ ವೈನ್ ಕುಡಿ."

ಲಿಜ್ಜಿ "ಆಯ್ತು" ಎಂದಳು. ಅವನಿಗೆ ಎಂಟಕ್ಕೆ ಡ್ಯೂಟಿ. ನೀರು ಕುಡಿದು, ಅವಳ ತಲೆಯ ಮೇಲೆ ಕೈಯಿಟ್ಟು, ಮೆಟ್ಟಿಲಿಳಿದು ಹೋದ.

ಶರ್ಲಿನ್ ಆರೂವರೆಗೇ ಆಸ್ಪತ್ರೆಯ ಲ್ಯಾಬಿಗೆ ಹೋಗಿದ್ದಳು. ಫ್ಲ್ಯಾಟಿನಲ್ಲಿ ಲಿಜ್ಜಿ ಮತ್ತು ಪೆಟ್ಟಿಗೆ ಮಾತ್ರ. ಅವಳು ಕೊರಿಯರ್ ಅಂಗಡಿಗೆ ಫೋನ್ ಮಾಡಿದಳು. ಬೇಗವೆಂದರೆ ನಾಲ್ಕು ದಿನ, ಶುಕ್ರವಾರ ಲೆಕ್ಕಕ್ಕಿಲ್ಲ. ವಲೇರಿಯನ್‌ನ ನಂಬರನ್ನು ಮೂರು ಸಲ ತೆರೆದು ಮೂರು ಸಲ ಮುಚ್ಚಿದಳು. ಆಮೇಲೆ ವಿಮಾನಗಳ ವೇಳಾಪಟ್ಟಿ ನೋಡಿದಳು. ಅಂದು ಮಧ್ಯಾಹ್ನ ಒಂದು ನಲವತ್ತಕ್ಕೆ ಮಂಗಳೂರಿಗೆ ನೇರ ವಿಮಾನವಿತ್ತು. ಅದರಲ್ಲಿ ಹೋಗುವ ಯಾರಾದರೊಬ್ಬರು ಸಿಕ್ಕಿದರೆ ಗೌನು ರಾತ್ರಿಯೇ ಮಂಗಳೂರು ಸೇರುತ್ತದೆ. ಭಾಮೈದನಿಗೆ ಒಂದು ಫೋನ್ ಮಾಡಿದರಾಯಿತು. ವಲೇರಿಯನ್‌ಗೆ ಇನ್ನೊಂದು ಸುಳ್ಳು ಸಾಕು.

ಹತ್ತೂವರೆಗೆ ಸೂಟ್‌ಕೇಸ್ ಮತ್ತು ಪೆಟ್ಟಿಗೆಯೊಂದಿಗೆ ಟ್ಯಾಕ್ಸಿ ಹಿಡಿದಳು. ತನ್ನ ಟರ್ಮಿನಲ್‌ಗಲ್ಲ, ಇನ್ನೊಂದಕ್ಕೆ.

ಮಂಗಳೂರಿನ ಸಾಲನ್ನು ಕಂಡುಹಿಡಿಯಲು ಫಲಕ ಓದಬೇಕಿಲ್ಲ. ನೈಲಾನ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಬಂಟ್ವಾಳ, ಕಾಪು, ಉಳ್ಳಾಲ. ಲಿಜ್ಜಿ ಮೊದಲು ಕೇಳಿದ್ದು ಕಿವಿಗೆ ಹೆಡ್‌ಫೋನ್ ಹಾಕಿದ್ದ ಒಬ್ಬ ಯುವಕನನ್ನು.

"ಸಾರಿ ಆಂಟಿ. ಗೊತ್ತಿಲ್ಲದವರದ್ದು ತಗೊಳ್ಳುದಿಲ್ಲ," ಎಂದು ಅವನು ಒಂದು ಕಿವಿಯನ್ನಷ್ಟೇ ತೆರೆದು ಹೇಳಿದ.

ಮಗುವನ್ನು ಎತ್ತಿಕೊಂಡಿದ್ದ ಕುಂದಾಪುರದ ದಂಪತಿ ಮುಖ ನೋಡದೆ ತಲೆಯಾಡಿಸಿದರು. ಇನ್ನೊಬ್ಬಾತ, ಅಷ್ಟು ಅವಸರವಿದ್ದರೆ ನೀವೇ ಯಾಕೆ ಹೋಗಬಾರದು ಎಂದು ಕೇಳಿದ. ಅವಳಿಗೆ ಬೇಸರವಾಗಲಿಲ್ಲ. ತಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಸಾಲು ಮುಂದೆ ಸರಿಯುತ್ತಿತ್ತು. ಗಂಟೆ ಹನ್ನೊಂದೂಕಾಲು.

ಸಾಲಿನ ಕೊನೆಯಲ್ಲಿ ಬೂದು ಬುರ್ಖಾದ ಹೆಂಗಸೊಬ್ಬಳು ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಟ್ಟುಕೊಂಡು ಕುಳಿತಿದ್ದಳು. ಗಂಡ ಪಕ್ಕದಲ್ಲಿ ನಿಂತು ಗೊಣಗುತ್ತಿದ್ದ.

"ಅಕ್ಕ, ಮಂಗಳೂರಾ?" ಎಂದು ಲಿಜ್ಜಿ ಕನ್ನಡದಲ್ಲಿ ಕೇಳಿದಳು.

"ಹೌದು, ಸುರತ್ಕಲ್. ಎರಡು ಕೆಜಿ ಜಾಸ್ತಿ ಆಗಿದೆ ಅಂತ ಇವರು ನನ್ನನ್ನು ತಿನ್ನುತ್ತಾ ಇದ್ದಾರೆ," ಎಂದಳು ಹೆಂಗಸು. ಅವಳ ಹೆಸರು ಸಫೂರಾ, ಗಂಡ ಶಬೀರ್. ಅವನು ಬಿಟ್ಟು ಹೋಗಲು ಬಂದವನು.

ಲಿಜ್ಜಿ ಪೆಟ್ಟಿಗೆಯ ವಿಷಯ ಹೇಳಿದಳು. ಮದುವೆ, ಶನಿವಾರ, ಬರಲಾಗದ ತಂದೆ.

"ಪಾಪ, ಮದುಮಗಳದ್ದಾ?" ಸಫೂರಾ ಎದ್ದು ನಿಂತಳು. "ಬಿಚ್ಚಿ ನೋಡುವಾ."

"ನೀನು ಸುಮ್ಮನಿರು," ಎಂದ ಶಬೀರ್. ಲಿಜ್ಜಿಯ ಕಡೆ ತಿರುಗಿ, "ಬೇಜಾರು ಮಾಡ್ಬೇಡಿ. ನನ್ನ ರೂಮಲ್ಲಿದ್ದವ ಒಬ್ಬ ಹೀಗೇ ಯಾರದ್ದೋ ಉಪ್ಪಿನಕಾಯಿ ಬಾಟ್ಲಿ ಹಿಡ್ಕೊಂಡು ಬಂದು ಏಳು ತಿಂಗಳು ಒಳಗಿದ್ದ. ಬಾಟ್ಲಿಯಲ್ಲಿ ಉಪ್ಪಿನಕಾಯಿ ಮಾತ್ರ ಇದ್ದದ್ದಲ್ಲ," ಎಂದ.

"ನೀವೇ ಬಿಚ್ಚಿ ನೋಡಿ."

ಅವರು ಬಿಚ್ಚಿದರು. ಶಬೀರ್ ಹೊಲಿಗೆಗಳ ಮೇಲೆ ಬೆರಳಾಡಿಸಿ, ರಟ್ಟಿನ ಪದರವನ್ನು ಒತ್ತಿ, ಕೊರಳ ಮಣಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಸಫೂರಾ ಗೌನನ್ನು ತನ್ನ ಭುಜಕ್ಕೆ ಹಿಡಿದು, "ಹುಡುಗಿ ಉದ್ದ ಇದ್ದಾಳೆ, ಅಲ್ವಾ?" ಎಂದಳು.

"ಸರಿ," ಎಂದ ಶಬೀರ್ ಕೊನೆಗೆ. "ಇನ್ನು ಹುಡುಗಿಯ ತಂದೆಗೆ ಫೋನ್ ಮಾಡಿ. ಅವರ ಬಾಯಿಂದ ಕೇಳ್ಬೇಕು. ಅವರ ಸಿವಿಲ್ ಐಡಿ ಫೋಟೊ ಬೇಕು. ಅಲ್ಲಿ ತಗೊಳ್ಳುವವರ ಹೆಸರು ಬೇಕು."

"ನಾನೇ ಜವಾಬ್ದಾರಿ. ನನ್ನ ಐಡಿ ತಗೊಳ್ಳಿ."

"ನೀವು ಯಾರು? ನೀವು ಮಾಲ್ ಕೊಡುವವರು. ಮಾಲ್ ಯಾರದ್ದು, ಅವರತ್ರ ಮಾತಾಡದೆ ನನ್ನ ಹೆಂಡ್ತಿಯ ಕೈಗೆ ಒಂದು ದಾರವೂ ಕೊಡುದಿಲ್ಲ."

ಅವನ ಮಾತು ನ್ಯಾಯವಾಗಿತ್ತು. ಲಿಜ್ಜಿ ಪೆಟ್ಟಿಗೆಯನ್ನು ನೋಡಿದಳು. ಹಿಂದಕ್ಕೆ ಒಯ್ದರೆ ರಹಸ್ಯ ಇನ್ನೊಂದು ದಿನ ಉಳಿಯಬಹುದು, ಗೌನು ಮದುವೆಗೆ ಸಿಗುವುದಿಲ್ಲ. ಅವಳು ವಲೇರಿಯನ್‌ಗೆ ಫೋನ್ ಮಾಡಿದಳು.

"ಬಾಯೇ, ಚೆಕ್-ಇನ್ ಆಯ್ತಾ?" ಅವನ ಹಿಂದೆ ಶೀತಲ ಯಂತ್ರಗಳ ಸದ್ದು.

"ವಲ್ಲಿ ಬಾಬ್, ನಾನು ಊರಿಗೆ ಹೋಗುತ್ತಿಲ್ಲ."

"ಏನಾಯ್ತು? ಪರ್ಮಿಟ್ ತೊಂದರೆಯಾ?"

"ಇಲ್ಲ. ನಾನು ಜಾರ್ಜಿಯಾಕ್ಕೆ ಹೋಗುತ್ತಿದ್ದೇನೆ. ಕ್ಯಾಸಿನೊಕ್ಕೆ. ಬೆಳಿಗ್ಗೆ ಹೇಳಲು ಆಗಲಿಲ್ಲ. ಇಲ್ಲಿ ಸುರತ್ಕಲ್‌ನ ಒಬ್ಬರು ಗೌನು ಒಯ್ಯಲು ಒಪ್ಪಿದ್ದಾರೆ, ಇವತ್ತೇ ತಲುಪುತ್ತದೆ. ನಿಮ್ಮ ಹತ್ತಿರ ಮಾತಾಡಬೇಕಂತೆ."

ಬಾಗಿಲೊಂದು ಮುಚ್ಚಿಕೊಂಡು ಯಂತ್ರಗಳ ಸದ್ದು ದೂರವಾಯಿತು.

"ಅಲ್ಲಿ ಯಾರಿದ್ದಾರೆ?" ಎಂದ ವಲೇರಿಯನ್.

"ಯಾರೂ ಇಲ್ಲ."

"ಯಾರೂ ಇಲ್ಲದ ಕಡೆ ಹೋಗಲಿಕ್ಕೆ ಇಷ್ಟೆಲ್ಲ ಸುಳ್ಳಾ?"

ಅವಳು ಬೈಗುಳಕ್ಕೆ ಸಿದ್ಧವಾಗಿದ್ದಳು. ಈ ಪ್ರಶ್ನೆಗಲ್ಲ. ಅವನು ಉತ್ತರಕ್ಕೆ ಕಾಯಲೂ ಇಲ್ಲ. "ಫೋನ್ ಅವರಿಗೆ ಕೊಡು," ಎಂದ.

ಶಬೀರ್ ಹಿಂದಿಯಲ್ಲಿ ಶುರುಮಾಡಿ, ಆಚೆಯವನಿಗೆ ತುಳು ಬರುತ್ತದೆಂದು ತಿಳಿದದ್ದೇ ಅದಕ್ಕೆ ಹೊರಳಿದ. ಇಬ್ಬರೂ ಹನ್ನೆರಡು ನಿಮಿಷ ಮಾತಾಡಿದರು. ನಡುವೆ ಒಮ್ಮೆ ನಕ್ಕರು. ಭಾಮೈದನ ಹೆಸರು, ಕಾರಿನ ನಂಬರು, ಸಿವಿಲ್ ಐಡಿಯ ಫೋಟೊ ಶಬೀರನ ಫೋನಿಗೇ ಬಂದವು. ಲಿಜ್ಜಿಯ ಫೋನ್ ಅವಳ ಕೈಗೆ ಮರಳುವಾಗ ಕರೆ ಕಡಿದಿತ್ತು.

ಸಫೂರಾ ಅಷ್ಟರಲ್ಲಿ ಹಾಲಿನ ಪುಡಿಯ ಎರಡು ದೊಡ್ಡ ಡಬ್ಬಗಳನ್ನು ಹೊರತೆಗೆದು ಗಂಡನ ಕಾಲಬುಡದಲ್ಲಿಟ್ಟಿದ್ದಳು. "ಇದು ನೀವೇ ಕುಡಿಯಿರಿ, ಮೂಳೆ ಗಟ್ಟಿಯಾಗ್ತದೆ. ಗೌನು ಕೈಯಲ್ಲೇ ಇರಲಿ, ಮಡಚಿದ್ರೆ ಹಾಳಾಗ್ತದೆ," ಎಂದಳು. ಲಿಜ್ಜಿಯ ಹತ್ತಿರ ಬಂದು ಧ್ವನಿ ತಗ್ಗಿಸಿದಳು. "ಫೋನಲ್ಲಿ ಕ್ಯಾಸಿನೊ ಅಂದ್ರಲ್ಲ, ಅದು ಜೂಜಾ?"

"ಹೌದು."

"ಅಲ್ಲಾ! ನಮಗೆ ಹರಾಮ್ ಅದು." ಆಮೇಲೆ, ಕುತೂಹಲ ತಡೆಯದೆ, "ಗೆದ್ರೆ ಎಂತ ಮಾಡ್ತೀರಿ?" ಎಂದು ಕೇಳಿದಳು.

"ಯೋಚನೆ ಮಾಡಿಲ್ಲ."

"ಸೋತ್ರೆ?"

"ಅದನ್ನು ಯೋಚಿಸಿದ್ದೇನೆ."

ಸಫೂರಾ ನಕ್ಕು ಅವಳ ಮೊಣಕೈಯನ್ನು ಒಮ್ಮೆ ಒತ್ತಿದಳು. "ಒಬ್ಬರೇ ಹೋಗುವಾಗ ಪಾಸ್‌ಪೋರ್ಟ್ ಜಾಗ್ರತೆ, ಮಾರಾಯ್ತಿ." ಅಷ್ಟರಲ್ಲಿ ಅವರ ಸರದಿ ಬಂತು.

ಲಿಜ್ಜಿ ಇನ್ನೊಂದು ಟ್ಯಾಕ್ಸಿಯಲ್ಲಿ ತನ್ನ ಟರ್ಮಿನಲ್‌ಗೆ ಹೋದಳು. ಎರಡಕ್ಕೆ ಚೆಕ್-ಇನ್ ಮುಗಿಯಿತು. ಮಂಗಳೂರಿನ ವಿಮಾನ ಹದಿನೈದು ನಿಮಿಷ ತಡವಾಗಿ, ಒಂದು ಐವತ್ತೈದಕ್ಕೆ ಹೊರಟಿತೆಂದು ಫೋನ್ ತೋರಿಸಿತು. ವಲೇರಿಯನ್‌ನಿಂದ ಒಂದು ಸಂದೇಶ ಬಂದಾಗ ಅವಳು ಕಾಫಿಯನ್ನು ಕೆಳಗಿಟ್ಟು ತೆರೆದಳು. ಸಫೂರಾಳ ಸೀಟ್ ನಂಬರ್ ಗೊತ್ತೇ ಎಂದು ಕೇಳಿದ್ದ. ಗೊತ್ತಿಲ್ಲ ಎಂದು ಬರೆದಳು. ಮತ್ತೆ ಏನೂ ಬರಲಿಲ್ಲ. ಪ್ರತಿ ವರ್ಷ ಊರಿಗೆ ಹೊರಡುವಾಗ ಇಂಥ ಹೊತ್ತಿನಲ್ಲಿ ಪಾರ್ಸೆಲ್ ಕೊಟ್ಟವರಿಂದ ಅವಳ ಫೋನ್‌ಗೆ ಬಿಡುವಿರುತ್ತಿರಲಿಲ್ಲ: ಅಮ್ಮನ ಮಾತ್ರೆ ಕೈಚೀಲದಲ್ಲಿ ಇಟ್ಟೆಯಾ, ನನ್ನ ತಮ್ಮ ನಿನ್ನನ್ನು ಹೇಗೆ ಗುರುತಿಸಬೇಕು. ಅವರು ವಿಚಾರಿಸುತ್ತಿದ್ದುದು ತನ್ನನ್ನಲ್ಲ, ತಮ್ಮ ಪಾರ್ಸೆಲ್‌ಗಳನ್ನು ಎನ್ನುವುದು ಈಗ ಹೊಳೆಯಿತು.

ಮೂರೂವರೆಗೆ ಶರ್ಲಿನ್ ಫೋನ್ ಮಾಡಿದಳು.

"ಆಂಟಿ, ಆರ್ ಯು ಓಕೆ? ವಲ್ಲಿ ಅಂಕಲ್ ಫೋನ್ ಮಾಡಿದ್ರು. ಲಿಜ್ಜಿಗೆ ಏನಾದ್ರೂ ಆಗಿದೆಯಾ, ಕಾಯಿಲೆಯಾ, ಕೇಳು ಅಂದ್ರು."

"ಏನೂ ಆಗಿಲ್ಲ. ನಾಲ್ಕು ದಿನಕ್ಕೆ ಹೋಗ್ತಿದ್ದೇನೆ, ಅಷ್ಟೇ. ಎಲ್ಲರಿಗೂ ಹೇಳಿದ್ರಾ ಅವರು?"

"ನನಗೆ ಮಾತ್ರ. ಯಾರಿಗೂ ಹೇಳ್ಬೇಡ ಅಂದ್ರು." ಲ್ಯಾಬಿನಲ್ಲಿ ಯಾರೋ ಅವಳನ್ನು ಕರೆಯುವುದು ಕೇಳಿಸಿತು. "ಆಂಟಿ, ಜಾರ್ಜಿಯಾಕ್ಕಾ? ನಿಜವಾಗ್ಲೂ? ನನ್ನದು ಹನ್ನೊಂದು ದಿನ ಲೀವ್ ಹಾಗೇ ಬಿದ್ದಿದೆ. ಹೇಳಿದ್ರೆ ನಾನೂ ಬರ್ತಿದ್ದೆ."

"ಜೂಜಿಗೆ?"

"ಜೂಜಿಗೋ, ಸುಮ್ಮನೆ ಪಕ್ಕದಲ್ಲಿ ಕೂರ್ಲಿಕ್ಕೋ. ನೀವು ಕೇಳ್ಲೇ ಇಲ್ವಲ್ಲ."

ಮೂರು ವರ್ಷ ಒಂದೇ ಫ್ಲ್ಯಾಟಿನಲ್ಲಿದ್ದರು. ಫ್ರಿಜ್ಜಿನ ಯಾವ ಖಾನೆ ಯಾರದ್ದು ಎಂದು ಲಿಜ್ಜಿಗೆ ಗೊತ್ತಿತ್ತು. ಈ ಹುಡುಗಿ ಸೌಜನ್ಯಕ್ಕೆ ಹೇಳುತ್ತಿದ್ದಾಳೋ ನಿಜಕ್ಕೂ ಬರುತ್ತಿದ್ದಳೋ, ಅದನ್ನು ತಿಳಿಯುವಷ್ಟು ಅವಳ ಪರಿಚಯವಿರಲಿಲ್ಲ.

"ಸ್ಯಾಂಪಲ್ ಬಂತು, ಆಂಟಿ. ಇಡ್ತೇನೆ. ಚಳಿ ಇರಬಹುದು, ಶಾಲು ಹೊದ್ಕೊಳ್ಳಿ."

ವಿಮಾನ ಹತ್ತಲು ಕರೆ ಬಂದಾಗ ಲಿಜ್ಜಿ ಸಾಲಿನಲ್ಲಿ ನಾಲ್ಕನೆಯವಳಾಗಿದ್ದಳು. ದ್ವಾರದಲ್ಲಿದ್ದ ಹುಡುಗಿ ಅವಳ ಹಿಂದೆ ಇಣುಕಿ, ಜೊತೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದಾಗ, ಕುಟುಂಬಗಳು ಮೊದಲು ಎಂದು ನಗುತ್ತಾ ಕೈ ತೋರಿಸಿದಳು. ಲಿಜ್ಜಿ ಬೋರ್ಡಿಂಗ್ ಪಾಸ್ ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತಳು.