ಗಾಳಿಪೆಟ್ಟಿಗೆಯ ಹಿಡಿಕೆ

"ಕೈ ತಗಿಯಲೇ, ಹಲ್ಕಟ್ ಸೂಳೆಮಗನ. ದೇವರನ್ನ ಮುಟ್ಟತೀಯೇನ?"

ಜಟ್ಟಪ್ಪಗೌಡನ ಬೈಗುಳಕ್ಕೆ ಹೊನ್ನ ಬೆಂಕಿ ಸೋಕಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಕಣದ ಅಂಚಿನಲ್ಲಿ ಮೊರ ಹಿಡಿದು ನಿಂತಿದ್ದ ಅವನ ಹೆಂಡತಿ ಗಂಗೆಗೆ ಏನೂ ತಿಳಿಯಲಿಲ್ಲ. ಬೆಳಿಗ್ಗೆ ಅದೇ ಪೆಟ್ಟಿಗೆಯನ್ನು ಬಾಡಿಗೆಗೆ ಬಂದ ಮಕ್ಬೂಲನ ಎತ್ತಿನಗಾಡಿಯಿಂದ ಬೆನ್ನ ಮೇಲೆ ಹೊತ್ತು ಇಳಿಸಿದವನು ಹೊನ್ನನೇ. ಆಗ ಅದು ಬರೀ ಪೆಟ್ಟಿಗೆ. ಮಧ್ಯಾಹ್ನದ ಹೊತ್ತಿಗೆ ದೇವರಾಗಿ ಕೂತಿತ್ತು.

ಯಲ್ಲಾಪುರದಲ್ಲಿ ಕಾಡಿನ ಇಲಾಖೆಯ ಬಿಳಿ ಸಾಹೇಬನೊಬ್ಬ ಊರು ಬಿಡುವಾಗ ತನ್ನ ಸಾಮಾನೆಲ್ಲ ಮಾರಿದ್ದ. ಮೇಜು ಕುರ್ಚಿಗಳ ನಡುವೆ ಭತ್ತ ತೂರುವ ಈ ಯಂತ್ರವೂ ಇತ್ತು. ಅದರ ಕಬ್ಬಿಣದ ಪಟ್ಟಿಯ ಮೇಲೆ ಎರಕ ಹೊಯ್ದ ಇಸವಿ ಗೌಡನ ಅಜ್ಜನ ಕಾಲದ್ದು. ವಿಲಾಯಿತಿಯ ರೈತರು ಬಳಸಿ ಸಾಕಾಗಿ ಮೂಲೆಗೆಸೆದದ್ದು ಶಿರಸಿಯ ಮೂಡಲ ಸೀಮೆಗೆ ಹೊಸ ಸೋಜಿಗವಾಗಿ ಬಂದಿತ್ತು. ಮೇಲಿನ ಬಾಯಿಗೆ ಭತ್ತ ಸುರಿದು ಪಕ್ಕದ ಹಿಡಿಕೆ ತಿರುವಿದರೆ ಒಳಗಿನ ರೆಕ್ಕೆಗಳು ಗಾಳಿ ಎಬ್ಬಿಸುತ್ತವೆ; ಜೊಳ್ಳು ಹಿಂದಕ್ಕೆ ಹಾರುತ್ತದೆ, ಗಟ್ಟಿಕಾಳು ಮುಂದಿನ ಬಾಯಿಂದ ಬುಟ್ಟಿಗೆ ಬೀಳುತ್ತದೆ. ಮಕ್ಬೂಲ್ ಹಿಡಿಕೆ ಸಿಕ್ಕಿಸಿ, ಮೊಳೆ ಬಡಿದು, ತಿರುವಿ ತೋರಿಸಿದ್ದೇ ತಡ, ಗೌಡ ಮೀಸೆ ತೀಡಿಕೊಂಡ. ಇನ್ನು ಗಾಳಿಗಾಗಿ ಬಾಯಿ ಬಿಟ್ಟು ಕೂರಬೇಕಿಲ್ಲ, ವಾಯುದೇವರನ್ನೇ ಕೊಂಡು ತಂದು ಕಣದಲ್ಲಿ ಕಟ್ಟಿದ್ದೇನೆ ಎಂದ.

ಕಟ್ಟಿದ ದೇವರಿಗೆ ಪೂಜೆ ಬೇಡವೆ? ಪೂಜಾರಿ ಸಂಗಯ್ಯನವರು ಬಂದರು. ಕಣದ ನಡುವಿನ ಮೇಟಿಕಂಬ ಕಿತ್ತ ಜಾಗದಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಿ, ಭಸ್ಮ ಬಳಿದು, ಹೂವೇರಿಸಿ, ಹೋಳಿಗೆಯ ಎಡೆಯಿಟ್ಟು, ಪ್ರಾಣಪ್ರತಿಷ್ಠೆಯನ್ನೂ ಮುಗಿಸಿದರು. ದನ ತಿನ್ನುವ ಸಾಹೇಬನ ಹಿತ್ತಲಲ್ಲಿ ಬಿದ್ದಿದ್ದ ಹಲಗೆಗಳಿಗೆ ಒಂದು ಗಳಿಗೆಯಲ್ಲಿ ಮಡಿ ಬಂತು.

ಆಮೇಲೆ ತಿರುವುವವರು ಯಾರೆಂಬ ಮಾತು ಬಂತು. ಗೌಡನ ಕೈ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಅವನ ತಮ್ಮನಿಗೆ ಆಗಲೇ ರಟ್ಟೆನೋವು ಶುರುವಾಯಿತು. ಸಂಗಯ್ಯನವರ ಕೈ ಗಂಟೆ ಬಾರಿಸುವುದಕ್ಕಷ್ಟೇ ಹುಟ್ಟಿದ್ದು. ತಿರುವಬಲ್ಲ ಹೊನ್ನ ಕೇರಿಯವನು, ದೇವರನ್ನು ಮುಟ್ಟುವಂತಿಲ್ಲ. ಎಲ್ಲರೂ ಆಕಾಶ ನೋಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕಟ್ಟುತ್ತಿತ್ತು.

ಸಂಗಯ್ಯನವರು ಕಣ್ಣು ಮುಚ್ಚಿದರು, ತೆರೆದರು. ಭಸ್ಮದಲ್ಲಿ ಬೆರಳದ್ದಿ ಹಿಡಿಕೆ ಕೂಡುವ ಗೂಟದ ಸುತ್ತ ಒಂದು ಗೆರೆ ಎಳೆದರು.

"ಈ ಗೆರಿ ಆ ಕಡೆ ದೇವರು. ಈ ಕಡೆ ಬರೇ ಕಬ್ಬಣ. ಪೆಟಿಗಿ ದೇವರದು, ಹಿಡಕಿ ಅವಂದು. ತಿರುವಲಿ."

"ಶಾಸ್ತ್ರ ಬಲ್ಲೋರು ಅಂದ್ರ ಇವರು ನೋಡ್ರಿ," ಎಂದ ಗೌಡ. ಗಾಡಿಗೆ ಎತ್ತು ಹೂಡುತ್ತಿದ್ದ ಮಕ್ಬೂಲ್ ಮುಖ ತಿರುಗಿಸಿ ಕೆಮ್ಮಿದ.

ಹೊನ್ನ ತಿರುವಿದ. ಬೆರಳು ಗೆರೆಯತ್ತ ಜಾರಿದಾಗೆಲ್ಲ ಗೌಡ ಅವನ ತಾಯಿಯನ್ನೂ ಅಜ್ಜಿಯನ್ನೂ ಎಳೆದು ತಂದ. ಬುಟ್ಟಿ ತುಂಬಿತು, ಮತ್ತೊಂದು ತುಂಬಿತು. ಗಂಗೆ ಮಾತ್ರ ನೆಲವನ್ನೇ ನೋಡುತ್ತಿದ್ದಳು. ಸಾರಿಸಿದ ಕಣ ಸಾರಿಸಿದ ಹಾಗೆಯೇ ಇತ್ತು.

ಪ್ರತಿ ಸುಗ್ಗಿಯಲ್ಲೂ ಎತ್ತರದ ಮಣೆಯ ಮೇಲೆ ನಿಂತು ಮೊರ ಎತ್ತಿ ತೂರುತ್ತಿದ್ದವಳು ಅವಳು. ಗಾಳಿಗೆ ಒಡೆಯರಿರಲಿಲ್ಲ. ತೂರುವಾಗ ಕಾಲಬುಡಕ್ಕೆ ಜಾರಿ, ಮಣ್ಣು ಹರಳಿನೊಂದಿಗೆ ಬೆರೆತದ್ದು ತಳಗಾಳು. ಅದು ತೂರಿದವರ ಪಾಲು. ಗಂಗೆ ಅದನ್ನು ಭೂಮ್ತಾಯಿ ಕೊಟ್ಟದ್ದೆಂದು ಕಣ್ಣಿಗೊತ್ತಿಕೊಂಡು ಉಡಿಗೆ ತುಂಬಿಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಮನೆಯ ಗಂಜಿ ಅದರಿಂದಲೇ.

"ಗೌಡ್ರ, ನಮ್ಮ ತಳಗಾಳು?" ಎಂದಳು.

"ನೆಲ ನೋಡಬೇ. ಒಂದು ಕಾಳರೆ ಬಿದ್ದೈತೇನ? ಬೀಳಲಾರದ್ದು ಎಲ್ಲಿಂದ ತರ್ಲಿ? ತೂರಿದ್ದು ದೇವರು. ದೇವರೇನ ಉಡಿ ಒಡ್ಡಿ ನಿಂತಿಲ್ಲ."

"ತಿರುವಿದ್ದು ನನ್ನ ಗಂಡ್ರಿ."

"ಅದಕ್ಕ ಜೊಳ್ಳು ಒಯ್ಯಿ. ಹಿಂದ ಗುಡ್ಡಿ ಬಿದ್ದೈತಿ. ನಿಮ್ಮ ಮಕ್ಕಳು ತಿನ್ನದಿದ್ರ ಹಂದಿ ತಿಂತಾವು."

ಸಂಗಯ್ಯನವರು ನಕ್ಕರು. ನಗು ಹೊಟ್ಟೆಯಲ್ಲಿ ಬಹಳ ಹೊತ್ತು ಕುಲುಕಾಡಿತು. ಅದು ನಿಲ್ಲುವ ತನಕ ಗಂಗೆ ಕಾದಳು.

"ಅಯ್ನೋರ, ಹಿಡಕಿ ಯಾರದು ಅಂದ್ರಿ?"

"ಎಷ್ಟು ಸಲ ಹೇಳೂದಬೇ. ದೇವರದಲ್ಲ, ನಿನ್ನ ಗಂಡಂದು."

"ಗೌಡ್ರೂ ಕೇಳಿದ್ರಲ್ರಿ?"

"ಕೇಳೀನಿ. ಏನೀಗ?"

ಗಂಗೆ ಮೊರ ಕೆಳಗಿಟ್ಟಳು. ಗಂಡನನ್ನು ಪಕ್ಕಕ್ಕೆ ಸರಿಸಿ, ಮಕ್ಬೂಲ್ ಬಡಿದಿದ್ದ ಮೊಳೆಯನ್ನು ಕಲ್ಲಿನಿಂದ ಕುಟ್ಟಿ ಹೊರಗೆ ತೆಗೆದಳು. ಹಿಡಿಕೆಯನ್ನು ಮೆಲ್ಲಗೆ ಈಚೆಗೆಳೆದಳು. ಭಸ್ಮದ ಗೆರೆ ಒಂದಿಷ್ಟೂ ಅಳಿಸಲಿಲ್ಲ.

"ದೇವರ ಪಾಲು ದೇವರಿಗೇ ಬಿಟ್ಟೀನ್ರಿ. ನಮ್ಮದು ನಾವು ಒಯ್ತೀವಿ."

ಹಿಡಿಕೆಯನ್ನು ಮೊರದಲ್ಲಿಟ್ಟು, ಜಾತ್ರೆಯಲ್ಲಿ ಅಮ್ಮನ ಕೊಡ ಹೊತ್ತವಳಂತೆ ತಲೆಯ ಮೇಲಿಟ್ಟುಕೊಂಡು ನಡೆದಳು. ಹೊನ್ನ ಒಮ್ಮೆ ಗೌಡನತ್ತ ನೋಡಿದ. ಆಮೇಲೆ ಅವಳ ಹಿಂದೆ ಹೋದ.

"ಹಿಡೀರಲೇ ಆ ಬೋಸುಡಿನ," ಎಂದು ಗೌಡ ಕೂಗಿದ. ಹಿಡಿದರೆ ಮುಟ್ಟಬೇಕು. ಪೂಜೆಗೆಂದು ಮಡಿಯುಟ್ಟು ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಹೊಸ ಹಿಡಿಕೆ ಮಾಡಿಸಲು ಶಿರಸಿಗೆ ಹೋಗಬೇಕೆಂದು, ಹೊರಟಿದ್ದ ಮಕ್ಬೂಲನನ್ನು ಕರೆದರು. ಅವನ ಎತ್ತುಗಳ ಕೊರಳಗಂಟೆಯ ಸದ್ದಿಗೆ ಅವನಿಗೆ ಏನೂ ಕೇಳಿಸಲಿಲ್ಲ.

ಗೌಡ ಕೇರಿಯ ತನಕ ಬಂದ. ಕೇರಿಯವರು ಇದನ್ನು ದಾಟಕೂಡದೆಂದು ಅವನ ಅಜ್ಜ ನೆಡಿಸಿದ ಗಡಿಕಲ್ಲಿನ ಆಚೆ ನಿಂತು ಬೈದ, ಮನೆ ಸುಡುತ್ತೇನೆಂದ, ಕೊನೆಗೆ ಒಂದು ಚೀಲ ಜೊಳ್ಳಿನ ಜೊತೆ ನಾಕು ಹಿಡಿ ಕಾಳೂ ಹಾಕುತ್ತೇನೆಂದ.  ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು, ಇನ್ನು ತೂರುವುದಿಲ್ಲವೆಂಬಂತೆ ತಮ್ಮ ತಮ್ಮ ಮೊರಗಳನ್ನು ಅಂಗಳದಲ್ಲಿ ಬೋರಲು ಹಾಕಿ ಒಳಗೆ ಹೋದರು. ಗಡಿಕಲ್ಲನ್ನು ದಾಟಲು ಗೌಡನ ಕಾಲು ಏಳಲಿಲ್ಲ.

ಹಿಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತ ಗಂಗೆಗೆ ಇಳಿಜಾರಿನ ಕೆಳಗಿನ ಕಣ ಕಾಣುತ್ತಿತ್ತು. ತಿರುಗಿ ಹೋದ ಗೌಡ ಬರೀ ಗೂಟವನ್ನು ಎರಡೂ ಕೈಯಿಂದ ಹಿಡಿದು ತಿರುವಲು ನೋಡಿದ. ಕೈ ಜಾರಿತು. ಅಂಗೈಗೆ ಅಂಟಿದ ಭಸ್ಮವನ್ನು ಧೋತರಕ್ಕೆ ಒರೆಸಿಕೊಂಡ.

ಅಷ್ಟರಲ್ಲಿ ಗಾಳಿ ಎದ್ದಿತು. ತೂರುವವರು ಹರಕೆ ಹೊತ್ತು ಬೇಡುವಂಥ ಗಾಳಿ. ಅರ್ಧ ತೂರದೆ ಉಳಿದ ರಾಶಿಯ ಹೊಟ್ಟು ಗೌಡನ ಮೀಸೆಗೆ, ಸಂಗಯ್ಯನವರ ಹೋಳಿಗೆಗೆ ಬಂದು ಕೂತಿತು. ಪೆಟ್ಟಿಗೆಯೊಳಗಿನ ರೆಕ್ಕೆಗಳು ತಾವಾಗಿ ಒಂದು ಸುತ್ತು ತಿರುಗಿ, ಕಿರುಗುಟ್ಟಿ, ನಿಂತವು.

ರಾಶಿಯ ಮೇಲೆ ಮೊದಲ ಹನಿ ಬಿತ್ತು.